ಸೇತುವೆ ಕಡೆ ಮಾತ್ರ ಹೋಗಬೇಡ

ಮೊನ್ನೆ ಮಗಳು ಉಗುರಿನ ಬಣ್ಣ ತೆಗೆಯುವ ಬಾಟಲಿಯನ್ನು ಮಂಚದ ಮೇಲೆ ಚೆಲ್ಲಿಕೊಂಡಳು. ಬೈಯಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಹರಿದ ಫಿಲಂ ಅಂಟಿಸುವ ದ್ರಾವಣಕ್ಕೂ ಅದೇ ವಾಸನೆ. ಶ್ರೀನಿವಾಸಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟಾಕೀಸ್ ಆಪರೇಟರ ಬೆರಳುಗಳಿಂದ, ಅಂಗಿಯಿಂದ, ಅವರು ಕುಡಿದಿಟ್ಟ ಟೀ ಲೋಟದಿಂದಲೂ ಅದು ಬರುತ್ತಿತ್ತು. ಟಾಕೀಸು ಮುಚ್ಚಿದ ಮೇಲೂ ಹೋಗಲಿಲ್ಲ... ಉಳಿದ ತುಂಡು ಫಿಲಂಗಳನ್ನು ಮನೆಯಲ್ಲಿ ಕೂತು ಅಂಟಿಸುತ್ತಲೇ ಇದ್ದರು.

ಹೋದವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಹೇಳೋಣ. ಆದರೆ ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ಆ ಮನುಷ್ಯ ನನ್ನ ಜೀವ ತಿಂದಿದ್ದರು.

ಎರಡು ಸಾವಿರದ ಆರೋ ಏಳೋ ಇರಬೇಕು. ಮಾವಿನ ಮಂಡಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಮಂಡಿಯವರ ಬಿಲ್ ಪುಸ್ತಕ, ಇಷ್ಟೇ ಕೆಲಸ. ಸಂಜೆ ಕೈ ಬಿಡುವಾದಾಗ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದೆ. ಬಹಳ ಹೆಸರಾದ, ಹಳೆಯದೊಂದು ಇಂಗ್ಲಿಷ್ ಗ್ಯಾಂಗ್‌ಸ್ಟರ್ ಸಿನಿಮಾದ ಮೇಲೆ ಮಾಡಿದ ಆಟ ಅದು. ಇಡೀ ಒಂದು ನಗರವೇ ಅದರೊಳಗಿತ್ತು. ಯಾವ ಬೀದಿಗೆ ಬೇಕಾದರೂ ನುಗ್ಗಬಹುದು, ಯಾರ ಕಾರನ್ನಾದರೂ ಕಸಿದುಕೊಳ್ಳಬಹುದು, ಅಂಗಡಿಯವನ ಕೊರಳಪಟ್ಟಿ ಹಿಡಿದು ಮಾಮೂಲಿ ವಸೂಲಿ ಮಾಡಬಹುದು. ನಾನು ಆ ಗುಂಪಿಗೆ ಹೊಸದಾಗಿ ಸೇರಿದ ಪುಡಿ ರೌಡಿ. ಯಜಮಾನ, ಅವನ ಮಕ್ಕಳು, ಅವರ ಬಂಗಲೆ ಎಲ್ಲವೂ ಸಿನಿಮಾದ್ದೇ. ನಕ್ಷೆಯಲ್ಲಿ ಹಳದಿ ಚುಕ್ಕೆ ಮಿನುಗುವ ಜಾಗಕ್ಕೆ ಹೋದರೆ ಕಥೆ ಮುಂದಕ್ಕೆ ಹೋಗುತ್ತದೆ. ಹೋಗದಿದ್ದರೆ ಇಲ್ಲ.

ಒಂದು ಸಂಜೆ ಆಪರೇಟರು ಟೀ ಲೋಟ ಹಿಡಿದುಕೊಂಡು ಬಂದರು. ಪರದೆಯತ್ತ ಕಣ್ಣು ಕಿರಿದು ಮಾಡಿ ನೋಡಿದರು. "ಲೇ, ಇದು ನಾನು ಓಡಿಸಿದ ಪಿಚ್ಚರ್ ಕಣೋ!" ಎಂದರು. ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು.

ಆ ಪಿಚ್ಚರ್ ಓಡಿದ ಕಥೆ ನಮ್ಮೂರಿನ ಹಳಬರಿಗೆಲ್ಲ ಗೊತ್ತು. ತೊಂಬತ್ತರ ದಶಕದಲ್ಲಿ ಭಾನುವಾರದ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು. ಮುಳಬಾಗಿಲಿಗೂ ನಮಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಓಡಿ ಮುಗಿದ ರೀಲನ್ನು ಡಬ್ಬಿಗೆ ಹಾಕಿ ಮೊಪೆಡ್ ಮೇಲೆ ಇಲ್ಲಿಗೆ ತರುತ್ತಿದ್ದರು. ಆವತ್ತು ಮೊಪೆಡ್ ದಾರಿಯಲ್ಲೇ ಕೆಟ್ಟು ನಿಂತಿತು. ಒಂದು ರೀಲು ಬರಲಿಲ್ಲ. ಆಪರೇಟರು ಕಾಯುವಷ್ಟು ಕಾದು, ಜನ ಕುರ್ಚಿ ಕುಟ್ಟತೊಡಗಿದಾಗ, ಹಿಂದೆಯೇ ಇನ್ನೊಂದು ಮೊಪೆಡ್ ಮೇಲೆ ಬಂದ ಮುಂದಿನ ರೀಲನ್ನೇ ಹಾಕಿಬಿಟ್ಟರು. ಯಜಮಾನನ ದೊಡ್ಡ ಮಗ ಸೇತುವೆಯ ಮೇಲೆ ಗುಂಡೇಟು ತಿಂದು ಸಾಯುವುದು, ಅವನನ್ನು ಮಣ್ಣು ಮಾಡುವುದು, ಎಲ್ಲ ಆ ಬಾರದ ರೀಲಿನಲ್ಲೇ ಇತ್ತು. ಹಾಗಾಗಿ ನಮ್ಮೂರಿನಲ್ಲಿ ದೊಡ್ಡ ಮಗ ಸಾಯಲೇ ಇಲ್ಲ. ಇದ್ದಕ್ಕಿದ್ದಂತೆ ಕಾಣದಾದ. ಇಂಗ್ಲಿಷು ಯಾರಿಗೆ ಬರುತ್ತಿತ್ತು? "ದೊಡ್ಡ ಮಗ ಎಲ್ಲಿ?" ಎಂದು ಜನ ಕೂಗಿದರೆ, ಇವರು ಮೇಲಿನ ಕಿಂಡಿಯಿಂದ, "ಮದ್ರಾಸಲ್ಲಿ ಯಾಪಾರ ನೋಡ್ಕೊತಿದಾನೆ, ಸುಮ್ನೆ ಕೂತ್ಕೊಳ್ರಪ್ಪಾ" ಎಂದು ಕೂಗಿದರಂತೆ. ಇವತ್ತಿಗೂ ನಮ್ಮ ಕಡೆ ಯಾರಾದರೂ ಊರಿನಲ್ಲಿ ಕಾಣದಾದರೆ, "ಪಿಚ್ಚರಿನ ದೊಡ್ಡ ಮಗ ಆಗ್ಬಿಟ್ಟ" ಎನ್ನುವವರಿದ್ದಾರೆ.

ಆಟದಲ್ಲಿ ಆ ದೊಡ್ಡ ಮಗ ಬಂಗಲೆಯ ಗೇಟಿನ ದೀಪದ ಕೆಳಗೆ ಟೋಪಿ ಹಾಕಿಕೊಂಡು ನಿಂತಿರುತ್ತಿದ್ದ. ಆಪರೇಟರು ದಿನಾ ನನ್ನನ್ನು ಮೊದಲು ಅಲ್ಲಿಗೆ ಕರೆದೊಯ್ಯುತ್ತಿದ್ದರು. "ಏನ್ ನಾಯ್ನಾ, ಊಟ ಆಯ್ತಾ?" ಎಂದು ನಮ್ಮ ಗಡಿ ಕಡೆಯ ತೆಲುಗು ಬೆರೆಸಿ, ಸ್ವಂತ ಮಗನನ್ನು ಕರೆದಂತೆ ಪರದೆಗೆ ಕೇಳುತ್ತಿದ್ದರು. ಅವನು ಇಂಗ್ಲಿಷಿನಲ್ಲಿ ದಿನಾ ಹೇಳುವುದನ್ನೇ ಹೇಳುತ್ತಿದ್ದ. ಇವರು ತಲೆಯಾಡಿಸುತ್ತಿದ್ದರು. ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದ ಹೆಣ್ಣಿನ ಕಡೆಯವರು ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಅದಾದರೂ ಹೋಗಲಿ. ಸ್ವಲ್ಪ ದಿನಕ್ಕೆ ಹಳದಿ ಚುಕ್ಕೆ ಸೇತುವೆಯ ಮೇಲೆ ಮಿನುಗತೊಡಗಿತು. ಆಪರೇಟರು ನನ್ನ ಮೌಸಿನ ಮೇಲೆ ಕೈಯಿಟ್ಟರು. "ವದ್ದು ನಾಯ್ನಾ, ಬೇಡ. ಸೇತುವೆ ಕಡೆ ಮಾತ್ರ ಹೋಗ್ಬೇಡ."

ಅಲ್ಲಿಂದ ಶುರುವಾಯಿತು ನನ್ನ ಶನಿಕಾಟ. ಕಥೆ ಅಲ್ಲೇ ನಿಂತಿತು. ದಿನಾ ಸಂಜೆ ನಾವಿಬ್ಬರೂ ಆ ನಗರದಲ್ಲಿ ಗುರಿಯಿಲ್ಲದೆ ಕಾರು ಓಡಿಸುವುದು. ಬಂದರು ನೋಡುವುದು, ಚರ್ಚು ನೋಡುವುದು, ಹಣ್ಣಿನ ಅಂಗಡಿಯ ಮುಂದೆ ನಿಲ್ಲಿಸಿ ಅಲ್ಲಿ ಮಾವು ಇಲ್ಲವೆಂದು ಇವರು ಗೊಣಗುವುದು. ಮಾಲೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದ ನನ್ನ ಗೆಳೆಯ ಅದೇ ಆಟವನ್ನು ಎಂದೋ ಮುಗಿಸಿದ್ದ. ಸಿಕ್ಕಾಗಲೆಲ್ಲ, "ಇನ್ನೂ ಊರು ಸುತ್ತುತ್ತಾ ಇದೀಯೇನೋ?" ಎಂದು ನಗುತ್ತಿದ್ದ. ಕದ್ದು ಆಡೋಣವೆಂದರೆ ಅದೂ ಆಗದು. ಸೇತುವೆ ದಾಟಿದರೆ ಆಟ ತಾನಾಗಿಯೇ ಉಳಿಸಿಕೊಳ್ಳುತ್ತದೆ, ಹಿಂದಕ್ಕೆ ಬರಲು ದಾರಿಯಿಲ್ಲ. ಮರುದಿನ ಇವರು ಬಂದಾಗ ಗೇಟಿನ ದೀಪದ ಕೆಳಗೆ ಯಾರೂ ಇರುವುದಿಲ್ಲ.

ಕೊನೆಗೆ ಒಂದು ದಿನ ರೇಗಿಹೋಯಿತು. ಆಪರೇಟರು ತಂಗಿಯ ಮನೆಗೆಂದು ರಾಯಲ್ಪಾಡಿಗೆ ಹೋಗಿದ್ದರು. ಏನಾದರಾಗಲಿ ಎಂದು ಕಾರನ್ನು ಸೇತುವೆಯತ್ತ ತಿರುಗಿಸಿದೆ. ಇನ್ನೇನು ಹತ್ತಬೇಕು, ಬೆನ್ನ ಹಿಂದೆ ಆ ವಾಸನೆ. ಬಸ್ಸು ಇಳಿದು ನೇರ ಅಂಗಡಿಗೇ ಬಂದಿದ್ದರು, ಕೈಯಲ್ಲಿ ಟೊಮ್ಯಾಟೊ ಚೀಲ.

ನಾನು ಕೂಗಾಡಿಬಿಟ್ಟೆ. "ಮಾವಾ, ಅವನು ಸಾಯ್ತಾನೆ! ಪಿಚ್ಚರಲ್ಲೇ ಸತ್ತಿದಾನೆ! ನೀವು ಆ ರೀಲು ನೋಡಿಲ್ಲ, ಅದಕ್ಕೇ ಒಪ್ಕೊಳ್ಳೋಕಾಗ್ತಿಲ್ಲ!"

ಅವರು ಚೀಲವನ್ನು ನಿಧಾನವಾಗಿ ಕೆಳಗಿಟ್ಟರು. ಸ್ಟೂಲ್ ಎಳೆದು ಕೂತರು.

"ನೋಡಿದೀನಿ ಕಣೋ. ಜನ ಎಲ್ಲಾ ಮನೆಗ್ ಹೋದ್ಮೇಲೆ ಬಂತು ಆ ರೀಲು. ಖಾಲಿ ಟಾಕೀಸಲ್ಲಿ ಒಬ್ನೇ ಹಾಕ್ಕೊಂಡು ನೋಡ್ದೆ... ಮೈಯೆಲ್ಲಾ ಜರಡಿ ಮಾಡಿ ಸಾಯಿಸ್ತಾರೆ ಕಣೋ ಆ ಹುಡುಗನ್ನ. ಡಬ್ಬಿಗ್ ಹಾಕಿ ವಾಪಸ್ ಕಳಿಸ್ಬಿಟ್ಟೆ. ಪ್ರಪಂಚದಲ್ಲಿ ಎಲ್ಲಾ ಕಡೆ ಸತ್ತಿದಾನೆ. ಸೀನಾಸಪುರದಲ್ಲಿ ಮಾತ್ರ ಬದುಕಿರೋದು. ಇಲ್ಲೂ ಯಾಕೋ ಸಾಯಿಸ್ತೀಯಾ?"

ನನಗೆ ಸಿಟ್ಟು ಇಳಿಯಲಿಲ್ಲ. ಒಂದು ಆಟಕ್ಕೆ ಇಷ್ಟೆಲ್ಲ ಯಾಕೆ, ಅದು ಬರೀ ಚಿತ್ರ, ಎಂದೇನೇನೋ ಅಂದೆ. ಅನ್ನುತ್ತಲೇ ಕಾರನ್ನು ಹಿಂದಕ್ಕೆ ತಿರುಗಿಸಿದೆ. ಗೇಟಿನ ದೀಪದ ಮುಂದೆ ತಂದು ನಿಲ್ಲಿಸಿದೆ.

ಆಮೇಲೆ ಕೆಲವು ವರ್ಷಕ್ಕೆ ಆಪರೇಟರು ತೀರಿಕೊಂಡರು. ಟಾಕೀಸು ಮೊದಲು ಕ್ರೇಟುಗಳ ಗೋಡೌನಾಗಿ, ಆಮೇಲೆ ನೆಲಸಮವಾಯಿತು. ನಾನು ಅಂಗಡಿ ಎತ್ತಿ ಕೋಲಾರಕ್ಕೆ ಬಂದೆ. ಹಳೆಯ ಕಂಪ್ಯೂಟರು ಅಟ್ಟ ಸೇರಿತು. ಅವರಿಲ್ಲದ್ದು ನನಗೆ ಇಷ್ಟು ಕಾಡುತ್ತದೆಂದು ಆಗ ಯಾರಾದರೂ ಹೇಳಿದ್ದರೆ ಕೈಮುಗಿದು ಕಳಿಸುತ್ತಿದ್ದೆ...

ಮೊನ್ನೆ ಮಂಚ ಒರೆಸಿದ ಮೇಲೆ ಸುಮ್ಮನಿರಲಾಗಲಿಲ್ಲ. ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ, ಧೂಳು ಊದಿ, ತಂತಿ ಸಿಕ್ಕಿಸಿದೆ. ಗೊರಗೊರ ಸದ್ದು ಮಾಡಿ ಹೊತ್ತಿಕೊಂಡಿತು. ಅದೇ ನಗರ, ಅದೇ ಹಳದಿ ಚುಕ್ಕೆ. ಈಗ ತಡೆಯುವವರು ಯಾರು? ಇಷ್ಟು ವರ್ಷದ ಮೇಲಾದರೂ ಇದನ್ನು ಮುಗಿಸಿಬಿಡೋಣವೆಂದು ಕಾರು ಹತ್ತಿ ನೇರ ಸೇತುವೆಯ ಬಾಯಿಗೆ ಹೋದೆ. ಅಲ್ಲಿ ಬ್ರೇಕ್ ಒತ್ತಿದೆ.

"ಹೋಗಪ್ಪಾ, ಯಾಕೆ ನಿಂತೆ?" ಎಂದಳು ಮಗಳು.

ಸತ್ತ ಮೇಲೂ ಒಂದು ಆಟ ಮುಗಿಸಲು ಬಿಡದ ಮನುಷ್ಯ! ಬೈದುಕೊಂಡೇ ಕಾರು ತಿರುಗಿಸಿದೆ. ಗೇಟಿನ ದೀಪದ ಕೆಳಗೆ ಅವನು ಟೋಪಿ ಹಾಕಿಕೊಂಡು ನಿಂತೇ ಇದ್ದ. ಮಗಳು ಅವನು ಯಾರೆಂದು ಕೇಳುತ್ತಿದ್ದಳು. ನಾನು ಪರದೆಯ ಹತ್ತಿರಕ್ಕೆ ಬಾಗಿದೆ.

"ಏನ್ ನಾಯ್ನಾ, ಊಟ ಆಯ್ತಾ?"