ಗಂಜಿ ಹಾಕಿದ ಹಾಯಿ

ಮೊನ್ನೆ ನಮ್ಮ ಹಡಗನ್ನು ಒಂದು ಆಕಳು ತಿಂದಿತು.

(ಕುಡಿದು ಬರೆಯುತ್ತಿಲ್ಲ. ಮುಂದೆ ಓದಿ.)

ಪೂರ್ತಿ ಅಲ್ಲ, ಹಾಯಿ ಅಷ್ಟೇ. ಹಡಗೂ ಅಲ್ಲ, ದೋಣಿ. ಏನು ಮಾಡುವುದು, ವಕೀಲನಿಗೆ ಉತ್ಪ್ರೇಕ್ಷೆ ರೂಢಿ. ಕಿರಿದಾದ ಕಟ್ಟಿಗೆಯ ದೋಣಿ. ಮಗುಚದಿರಲಿ ಅಂತ ಪಕ್ಕಕ್ಕೆ ಎರಡು ಅಡ್ಡ ತೊಲೆ, ಅವುಗಳ ತುದಿಗೊಂದು ತೇಲುಮರ, ನಡುವೆ ಕಂಬಕ್ಕೆ ಹಾಯಿ. ಗಾಳಿ ಹಿಡಿದು ದಂಡೆಗುಂಟ ಸಾಗುವುದು, ಸಂಜೆ ಎಲ್ಲಾದರೂ ಇಳಿದು ಟೆಂಟ್ ಹೊಡೆಯುವುದು. ನಾವು ನೋಡಿದ ವಿಡಿಯೋದಲ್ಲಿ ಇಂಥ ದೋಣಿ ಕಟ್ಟುವುದು ಎಂಟೇ ನಿಮಿಷದ ಕೆಲಸ. ನಮಗೆ ಎಂಟು ತಿಂಗಳು ಹಿಡಿಯಿತು.

ನಾವು ಅಂದರೆ ನಾನು ಮತ್ತು ಈರಣ್ಣ. ಬನಹಟ್ಟಿಯ ಈರಣ್ಣ ನನ್ನ ಜೊತೆ ಸಾಲಿ ಕಲಿತ ಗೆಳೆಯ, ನೇಕಾರ. ಈಗ ಪವರ್‌ಲೂಮ್ ಇಟ್ಟಿದ್ದಾನೆ. ಅವನ ಅಪ್ಪನ ಕೈಮಗ್ಗ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಒಳ್ಳೆಯ ಸಾಗವಾನಿ. "ವಕೀಲ, ಇದರಾಗ ದೋಣಿ ಐತಿ ನೋಡಲೇ" ಅಂದ. ಕೃಷ್ಣೆ ಬಿಟ್ಟರೆ ಬೇರೆ ನೀರು ಕಾಣದ ಇಬ್ಬರಿಗೆ ಇದಕ್ಕಿಂತ ಒಳ್ಳೆಯ ಐಡಿಯಾ ಬರಲು ಸಾಧ್ಯವೇ?

ಮಗ್ಗ ಬಿಚ್ಚಲು ಅವನ ಹೆಂಡತಿ ಶಾಂತಕ್ಕನ ಪರ್ಮಿಶನ್ ಬೇಕಿತ್ತು. ಅದೇ ಮಗ್ಗದ ಮುಂದೆ ಕೂತು ಮೂವತ್ತು ವರ್ಷ ಲಾಳಿಯ ಕಂಡಿಕೆಗೆ ನೂಲು ಸುತ್ತಿದವಳು, ನೂಲಿಗೆ ಗಂಜಿ ಕಾಸಿದವಳು ಅವಳು. ಒಪ್ಪಿದಳು. ಆದರೆ ಒಂದೇ ಶರತ್ತು.

"ಮಾವನ ಮಗ್ಗರಿ ಅದು. ನಾವು ಉಂಡಿದ್ದು ಅದರ ಮ್ಯಾಲೆ. ಮುಳುಗಿಸಿ ಬಂದ್ರ ಇಬ್ಬರೂ ಈ ಹೊಸ್ತಿಲಾ ತುಳೀಬ್ಯಾಡ್ರಿ."

ಹಾಯಿಯ ಬಟ್ಟೆ ಈರಣ್ಣನೇ ನೇಯ್ದ. ನೇಯ್ದ ಮೇಲೆ ದಪ್ಪ ಗಂಜಿ ಹಚ್ಚಿ ನಿಲ್ಲಿಸಿದ. ಬಾರಿಸಿದರೆ ಹಲಗೆಯಂತೆ ಸದ್ದು ಬರುತ್ತಿತ್ತು. ಒಳಗಿನಿಂದ ಶಾಂತಕ್ಕ ಕೇಳಿದಳು: "ಸಮುದ್ರದಾಗ ನೀರ ಇರ್ತೈತಲ್ರಿ, ಗಂಜಿ ಯಾಕ?"

ನಾವು ಬಿದ್ದು ಬಿದ್ದು ನಕ್ಕೆವು. "ನೀ ಚಹಾ ಇಡು. ಇದು ಟೆಕ್ನಿಕಲ್ ಐತಿ" ಅಂದ ಈರಣ್ಣ. (ಟೆಕ್ನಿಕಲ್ ಎಂಬ ಪದ ಗಂಡಸರಿಗೆ ಎಷ್ಟು ಉಪಕಾರ ಮಾಡಿದೆ!)

ಕೃಷ್ಣೆಯ ಚಿಕ್ಕಪಡಸಲಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಟ್ರಯಲ್ ನಡೆಯಿತು. ಅಲೆ ಇಲ್ಲ, ಸಿಡಿಯುವ ನೀರಿಲ್ಲ. ದೋಣಿ ಮದುಮಗಳಂತೆ ಹೋಯಿತು. ದಂಡೆಯ ಮೇಲಿದ್ದವರು ಸೀಟಿ ಹೊಡೆದರು, ಫೋಟೋ ಹಿಡಿದರು. ವಾಟ್ಸಾಪ್ ಗ್ರೂಪಿನಲ್ಲಿ ನಮ್ಮನ್ನು ನೌಕಾಪಡೆಗೆ ಸೇರಿಸುವುದೊಂದು ಬಾಕಿ ಉಳಿಯಿತು.

ಟೆಂಪೋಕ್ಕೆ ದೋಣಿ ಕಟ್ಟಿಕೊಂಡು ಅಂಕೋಲಾ ಕಡೆಯ ಒಂದು ದಂಡೆ ಮುಟ್ಟಿದೆವು. ಸಮುದ್ರಕ್ಕಿಳಿದು ಹತ್ತು ನಿಮಿಷ ನಾವೇ ರಾಜರು. ಹನ್ನೊಂದನೆಯ ನಿಮಿಷಕ್ಕೆ ಒಂದು ಅಲೆ ಹಾಯಿಯ ಮೇಲೆ ಹಾರಿತು. ಇನ್ನೊಂದು ಹಾರಿತು. ಗಂಜಿ ಕರಗಿತು. ಹಲಗೆಯಂತಿದ್ದ ಹಾಯಿ ಲೊಳೆಲೊಳೆಯಾಗಿ ಕಂಬಕ್ಕೆ ಅಂಟಿಕೊಂಡಿತು. ಗಾಳಿ ತನ್ನ ದಾರಿ ತಾನು ಹಿಡಿದು ಹೋಯಿತು, ಅಲೆ ನಮ್ಮನ್ನು ಬಂಡೆಗಳ ಕಡೆ ನೂಕತೊಡಗಿತು.

"ಗಂಜಿ ಬರೋಬರಿ ಐತಿ" ಅಂದ ಈರಣ್ಣ. "ಸಮುದ್ರದ ನೀರ ಸರಿ ಇಲ್ಲ."

ಆಮೇಲೆ ಬಂಡೆ ನೋಡಿದ. ನನಗೆ ನನ್ನ ಜೀವದ ಭಯ. ಅವನು ಮಾತ್ರ ಅಡ್ಡ ತೊಲೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು, "ಅಪ್ಪನ ಮಗ್ಗ ಒಡೀತೈತಲೋ" ಅಂತ ಅತ್ತೇಬಿಟ್ಟ. ಐವತ್ತೆರಡು ವರ್ಷದ ಮನುಷ್ಯ. ಇಬ್ಬರೂ ಸಿಕ್ಕಾಪಟ್ಟೆ ಹುಟ್ಟು ಹಾಕಿದೆವು.

ಬಂಡೆ ಮಾರು ದೂರ ಇದ್ದಾಗ ಒಬ್ಬ ಮೀನುಗಾರ ಬಂದು ಹಗ್ಗ ಎಸೆದ. ದಂಡೆಗೆ ಎಳೆದು ತಂದ ಮೇಲೆ ಹಾಯಿ ಮುಟ್ಟಿ ನೋಡಿ, ಬೆರಳು ಒರೆಸಿಕೊಂಡ. "ಇದಕ್ಕೆ ಎಂತ ಹಾಕಿದ್ರಿ ಮಾರಾಯ್ರೇ?"

ಏನು ಹೇಳುವುದು? ಪರಂಪರೆ ಅನ್ನಬೇಕಿತ್ತು.

ಹಾಯಿಯನ್ನು ಮರಳ ಮೇಲೆ ಹರವಿ ಚಹಾ ಕುಡಿಯಲು ಹೋದೆವು. ಬಂದು ನೋಡಿದರೆ ಆಕಳು. ಅರ್ಧ ಹಾಯಿ ಒಳಗೆ, ಅರ್ಧ ಹೊರಗೆ, ಕಣ್ಣು ಮುಚ್ಚಿ ಮೆಲ್ಲುತ್ತಿತ್ತು. ಬನಹಟ್ಟಿಯಲ್ಲಿ ಮೊದಲು ಬೀದಿಯಲ್ಲಿ ನೂಲು ಚಾಚಿ ಗಂಜಿ ಹಚ್ಚುವಾಗ, ದನ ಬಾಯಿ ಹಾಕದಿರಲಿ ಅಂತ ಒಬ್ಬರು ಕೋಲು ಹಿಡಿದು ನಿಲ್ಲುತ್ತಿದ್ದರು. ನೇಕಾರನ ಮಗನಿಗೆ ಇದು ಗೊತ್ತಿರಬೇಕಲ್ಲವೇ? "ಸಮುದ್ರದ ದಂಡ್ಯಾಗ ದನ ಇರ್ತಾವಂತ ಯಾರಿಗೆ ಗೊತ್ತಲೇ?" ಅಂದ. ನಮ್ಮ ಎಕ್ಸ್‌ಪರ್ಟುಗಳೆಲ್ಲ ಹೀಗೇ. ಊರಿನ ವಿದ್ಯೆಯಲ್ಲಿ ಬೇಡದ್ದನ್ನು ಹೊತ್ತೊಯ್ಯುತ್ತಾರೆ, ಬೇಕಾದ್ದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ.

ಕ್ಯಾಂಪು ಅಲ್ಲಿಗೇ ಮುಗಿಯಿತು. ಮರಳಿ ಬಂದು ಹೊಸ್ತಿಲ ಹೊರಗೇ ನಿಂತೆವು, ಧೈರ್ಯ ಸಾಲದೆ. ಶಾಂತಕ್ಕ ನಮ್ಮನ್ನು ನೋಡಲೇ ಇಲ್ಲ. ಟೆಂಪೋ ಹತ್ತಿ ಒಂದೊಂದೇ ತೊಲೆ ಸವರಿದಳು. ಮಾವ ಉಳಿಯಿಂದ ಕೆತ್ತಿದ ಗುರುತಿನ ಮೇಲೆ ಬೆರಳಾಡಿಸಿದಳು. ಕಟ್ಟಿಗೆ ಗಟ್ಟಿ ಇತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಒಳಗ ಬರ್ರಿ, ಚಹಾ ಇಟ್ಟೇನಿ" ಅಂದಳು. "ಟೆಕ್ನಿಕಲ್ ಏನಿಲ್ಲ, ಬರೇ ಚಹಾ."

ಈಗ ಹೊಸ ಹಾಯಿ ಪವರ್‌ಲೂಮಿನ ಮೇಲಿದೆ. ಗಂಜಿ ಇಲ್ಲ, ಅವಳದೇ ಆರ್ಡರ್. ಇನ್ನೂ ಸಮುದ್ರ ನೋಡದ ಶಾಂತಕ್ಕ ಈ ಸಲ ತಾನೇ ಹಾಯಿ ಹಿಡಿಯುತ್ತಾಳಂತೆ. ಈರಣ್ಣ ಹುಟ್ಟು ಹಾಕಬೇಕು.

"ಮತ್ತ ನಾನು?" ಅಂತ ಕೇಳಿದೆ.

ಎಲ್‌ಎಲ್‌ಬಿ ಮಾಡಿದ ನನ್ನ ಕೈಗೆ ಅವಳು ಒಂದು ಕೋಲು ಕೊಟ್ಟಳು.