ಎರವಲು ಬೆಳಕಿನ ದೀಪ

ಮುಂಫಲಕದ ತಗಡು ಬಿಚ್ಚಿದೊಡನೆ ಇಲಿ ಉಚ್ಚೆಯ ನಾತ ಗಪ್ಪೆಂದು ಹೊಡೆಯಿತು. ಮೂಗಣ್ಣ "ಥೂ" ಎಂದು ಮುಖ ತಿರುಗಿಸಿದ. ಮೀಟರ್ ಹಚ್ಚುವ ಮೊದಲು ಬೋರ್ಡಿಗೆ ಮೂಗು ಹಚ್ಚಿ ಸುಟ್ಟದ್ದು ಯಾವುದೆಂದು ಹೇಳುತ್ತಿದ್ದುದಕ್ಕೇ ಅವನಿಗೆ ಆ ಹೆಸರು. ಬೀರುವಿನಷ್ಟು ಎತ್ತರದ ಈ ಹಳೆಯ ಕಂಪ್ಯೂಟರಿನ ಚಾಕರಿಯಲ್ಲೇ, ನೀರು ಸರಬರಾಜು ಕಚೇರಿಯಲ್ಲಿ, ಅವನ ಯೌವನ ಕಳೆದಿತ್ತು. ಆಮೇಲೆ ಅದು ಗೋದಾಮು ಸೇರಿತು, ಅವನೂ ನಿವೃತ್ತನಾದ. ಈಗ ಅದೇ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಅಳಿಯ ಅದನ್ನು ಹೊರಗೆ ತಂದು ಪ್ರದರ್ಶನಕ್ಕಿಡಲು ಹೊರಟಿದ್ದ.

"ನಾಳೆ ಅತಿಥಿಗಳು ಬರ್ತಾರೆ ಮಾವ. ಆಗಲ್ಲ ಅಂದ್ರೆ ಹೇಳಿ, ಒಳಗಿರೋದೆಲ್ಲಾ ಕಿತ್ತು ಸೀರಿಯಲ್ ಸೆಟ್ ಹಾಕಿಸ್ತೀನಿ. ಮಿಣಮಿಣ ಅಂದ್ರೆ ಸಾಕು."

"ಹೆಣಕ್ಕೆ ಶೃಂಗಾರ ಮಾಡ್ತೀರಾ ಅಳಿಯಂದಿರೇ?"

ಒಮ್ಮೆ ಕಿತ್ತರೆ ಅದು ಮತ್ತೆಂದೂ ಲೆಕ್ಕ ಮಾಡದು. ಮೂಗಣ್ಣ ತೋಳು ಮಡಚಿ ಕೆಲಸಕ್ಕೆ ಕೂತ.

ಫಲಕದಲ್ಲಿ ಕೆಳಗೊಂದು ಸಾಲು ಸ್ವಿಚ್ಚು, ಮೇಲೊಂದು ಸಾಲು ದೀಪ. ಸ್ವಿಚ್ಚು ಎತ್ತಿ ಒಳಗೆ ಹಾಕಿದ ಸಂಖ್ಯೆಯನ್ನು ದೀಪಗಳು ತೋರಿಸಬೇಕು. ಸ್ವಿಚ್ಚುಗಳು ಮಿಸುಕಲಿಲ್ಲ. ಯಾವನೋ ಪುಣ್ಯಾತ್ಮ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದ. ಅದು ಧೂಳು ಕುಡಿದು ಕಿವಿಯ ಗುಗ್ಗೆಯಂತೆ ಹೆಪ್ಪುಗಟ್ಟಿತ್ತು. ಒಂದೊಂದನ್ನೂ ಸ್ಪಿರಿಟ್ಟಿನಲ್ಲಿ ಉಜ್ಜಿದ.

ಊಟ ತಂದ ಹೆಂಡತಿ ಮೂಗಿಗೆ ಸೆರಗು ಒತ್ತಿಕೊಂಡಳು. "ಆ ಕೈಯಲ್ಲಿ ಡಬ್ಬಿ ಮುಟ್ಟಬೇಡಿ. ಇಲಿ ಕೂಡ ನಿಮ್ಮ ಪಂಕ್ತೀಲಿ ಕೂರಲ್ಲ."

ಮಧ್ಯಾಹ್ನ ಕರೆಂಟು ಕೊಟ್ಟಾಗ ದೀಪಗಳು ಹತ್ತಿದವು. ಆದರೆ ನಾಲ್ಕನೇ ಸ್ವಿಚ್ಚು ಎತ್ತಿದರೆ ಐದನೇ ದೀಪವೂ ಹತ್ತುತ್ತಿತ್ತು. ಐದನೆಯದೊಂದನ್ನೇ ಎತ್ತಿದರೆ ಏನೂ ಇಲ್ಲ. ಎಣ್ಣೆ ಉಳಿದಿರಬೇಕೆಂದು ಮತ್ತೆ ಉಜ್ಜಿದ. ಊಹೂಂ. ಬೋರ್ಡು ಮಗುಚಿ ಹಾಕಿ, ಒಂದು ಕಡೆ ಅಂಟಿಸಿದ್ದ ಟೇಪು ಎಬ್ಬಿಸಿದ. ಅದರಡಿ ನಾಲ್ಕರಿಂದ ಐದಕ್ಕೆ ಕೂದಲಿನಂಥ ತಂತಿ. ಐದನೇ ದೀಪವನ್ನು ಹತ್ತಿಸುವ ಟ್ರಾನ್ಸಿಸ್ಟರ್ ಸತ್ತಿತ್ತು; ಅದನ್ನು ಬದಲಿಸದೆ, ಪಕ್ಕದ ದೀಪದಿಂದ ಬೆಳಕು ಎರವಲು ತಂದಿದ್ದರು. ಎಲ್ಲ ದೀಪ ಒಟ್ಟಿಗೆ ಹತ್ತಿಸಿ ನೋಡುವ ತಪಾಸಣೆಯಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ. ಗೋದಾಮಿಗೆ ಹೋಗುವ ಮುನ್ನ ನಡೆದ ಕೊನೆಯ ತಪಾಸಣೆಯ ವಾರ ಮೂಗಣ್ಣ ಜ್ವರದಿಂದ ಮಲಗಿದ್ದ.

ಬೆಸುಗೆಯನ್ನು ಹೀಗೆ ಬಾಲದಂತೆ ಎಳೆದು ಬಿಡುತ್ತಿದ್ದವರು ಒಬ್ಬರೇ: ಅವನಿಗೆ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್. "ಯಂತ್ರದ ಮುಂದೆ ಸುಳ್ಳು ನಡೆಯಲ್ಲ ಕಣೋ" ಎಂದು ತಲೆಗೆ ಮೊಟಕುತ್ತಿದ್ದವರು. ಮೂಗಣ್ಣ ಆ ಬೆಸುಗೆ ಮುಟ್ಟಿದ ಬೆರಳನ್ನು ಒರೆಸಿಕೊಂಡ. ಇಲಿಯ ಹೊಲಸು ತೊಳೆದರೆ ಹೋಗುತ್ತದೆ.

"ಇರಲಿ ಬಿಡಿ ಮಾವ, ಹತ್ತುತ್ತಲ್ಲ?" ಎಂದ ಅಳಿಯ.

"ಅದು ಹತ್ತೋದಲ್ಲ, ಸುಳ್ಳು ಕಕ್ಕೋದು." ತಂತಿ ಕತ್ತರಿಸಿದ. ಆ ಜಾತಿಯ ಟ್ರಾನ್ಸಿಸ್ಟರ್ ಈಗ ಯಾವ ಅಂಗಡಿಯಲ್ಲೂ ಇರಲಿಲ್ಲ.

"ಅದೊಂದು ಕಪ್ಪಗಿದ್ರೆ ನನ್ನ ಮರ್ಯಾದೆ?"

"ನಿಮ್ಮ ಮರ್ಯಾದೆ ಒಂದು ಬಲ್ಬಿಂದಾ?"

ಐದನೇ ದೀಪ ಬೇಕಿಲ್ಲದ ಎರಡು ಸಂಖ್ಯೆ ಒಳಗೆ ಹಾಕಿ ಕೂಡಿಸಿ ತೋರಿಸಿದ. ಉತ್ತರ ಸರಿಯಿತ್ತು. ಅಳಿಯ ಮೆಚ್ಚಲಿಲ್ಲ, ಆದರೆ ಕೀಳಿಸಲೂ ಇಲ್ಲ.

ಮರುದಿನ ಎಲ್ಲ ದೀಪ ಹತ್ತಿಸಿದಾಗ ಅತಿಥಿಯ ಕಣ್ಣು ನೇರ ಐದನೆಯದಕ್ಕೇ ಹೋಯಿತು. "ಇದೊಂದು ಯಾಕ್ರೀ ಹತ್ತಿಲ್ಲ?"

ಅಳಿಯ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೂಗಣ್ಣ ಹೇಳಿಯಾಗಿತ್ತು: "ಕೆಟ್ಟಿದೆ. ಕೆಟ್ಟಿದ್ದನ್ನ ಒಳ್ಳೇದು ಅಂತ ತೋರಿಸಿದ್ರು, ಆ ಸುಳ್ಳು ತಂತಿ ಕಿತ್ತು ಹಾಕ್ದೆ. ಉಳಿದದ್ದರ ಮೇಲೆ ನೀವೇ ಲೆಕ್ಕ ಹಾಕಿ ನೋಡಿ."