ರೆಕಾರ್ಡರ್ ಆರಿಸಲು ಹೋಗಿದ್ದೆವು

ಗೆಳೆಯರೇ, ಇವತ್ತು ಕೋಲಾರದ ಅಂಗಡಿಯಲ್ಲಿದ್ದ ಟಿವಿ ರೆಕಾರ್ಡರ್‌ಗಳಲ್ಲೆಲ್ಲ ನಾನು ಹುಳುಕು ಹುಡುಕಿದ್ದೇ ಹುಡುಕಿದ್ದು. ಒಂದರ ಹಾರ್ಡ್ ಡಿಸ್ಕ್ ಚಿಕ್ಕದು, ಇನ್ನೊಂದರ ರಿಮೋಟ್‌ನಲ್ಲಿ ಗುಂಡಿ ಜಾಸ್ತಿ.

“ಇದಕ್ಕೆ ಕೇಬಲ್ ವೈರ್ ಚುಚ್ಚಿದ್ರೆ ಸಾಕು ಮೇಡಂ, ಸೀರಿಯಲ್ ಟೈಮಿಗೆ ತಾನೇ ರೆಕಾರ್ಡ್ ಮಾಡ್ಕಂತದೆ” ಎಂದ ಅಂಗಡಿಯವನು.

ನರಸಾಪುರದ ಫ್ಯಾಕ್ಟರಿಯ ಸೆಕೆಂಡ್ ಶಿಫ್ಟಿನಿಂದಾಗಿ ಸೀರಿಯಲ್ ತಪ್ಪಿಸಿಕೊಳ್ಳುವ ನನ್ನ ಯಜಮಾನರು ಅದನ್ನೇ ಆರಿಸಿದರು. “ಇನ್ಮೇಲೆ ಬೆಳಿಗ್ಗೆ ಎದ್ದು ನಂಗೆ ಕಥೆ ಹೇಳೋ ಕಷ್ಟ ನಿಂಗಿಲ್ಲ ಕಣೇ!”

ಕಷ್ಟವಂತೆ! ಕಾಫಿ ಆರಿ ಹೋದರೂ ನನ್ನ ಮುಖವನ್ನೇ ನೋಡುತ್ತ ಅವರು “ಆಮೇಲೆ?” ಎನ್ನುವುದು ದಿನದಲ್ಲಿ ಅದೊಂದೇ ಹೊತ್ತು.

ಈಗ ಸೀರಿಯಲ್ ಶುರುವಾಗಿದೆ, ಡಬ್ಬಿಯ ಕೆಂಪು ದೀಪ ಉರಿಯುತ್ತಿದೆ. ಬೇಡದಾಗೆಲ್ಲ ಹೋಗುವ ಕರೆಂಟ್ ಇವತ್ತು ಮಾತ್ರ ಹೋಗುತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಲೈನ್‌ಮನ್ ಪರಿಚಯ ಇದೆಯಾ?